ವಿಶ್ವಲಯವೂ ಶರಣನ ಕಾಯಕವೂ

ಲಿಂಗವೆಂಬ ಶಬ್ದಕ್ಕೆ ಆಗಮಜ್ಞರು ಹೇಳುವ ಅರ್ಥಗಳಲ್ಲಿ ಮುಖ್ಯವಾದುದೊಂದುಂಟು. ಚರಾಚರಾತ್ಮಕವಾದ ಈ ಸಮಸ್ತ ಜಗತ್ತು ಯಾವುದರಲ್ಲಿ ಲಯವನ್ನೈದುವುದೋ, ಮತ್ತೆ ಯಾವುದರಿಂದ ಹೊರಹೊಮ್ಮುವುದೋ, ಅದೇ ಲಿಂಗವು. ಈ ಅರ್ಥದಲ್ಲಿ ಲಯದ ಮಾತು ಮೊದಲು ಬಂದಿತು, ಸೃಷ್ಟಿಯ ಮಾತು ಅನಂತರ ಬಂದಿತು ಎಂಬುದನ್ನು ಸದ್ಭಕ್ತರು ಲಕ್ಷಿಸಬೇಕು. ಸಂಸಾರಿಯಾದವನಿಗೆ ಸೃಷ್ಟಿಯ ಮಾತು ಹಿತವಾಗಿರುವುದು. ಮಗುವಿನ ನಾಮಕರಣ, ಹೊಸ ಮನೆಯ ಗೃಹಪ್ರವೇಶ, ಅಂಗಡಿಯ ಪ್ರಾರಂಭ, ಇವುಗಳಲ್ಲಿ ಅವನ ಮನಸ್ಸು ಅರಳುವುದು. ಲಯವೆಂಬ ಮಾತು ಕಿವಿಗೆ ಬಿದ್ದೊಡನೆ ಮುಖ ಬಾಡುವುದು. ಆದರೆ ಕರಸ್ಥಲದಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ನಿತ್ಯವೂ ಎವೆಯಿಕ್ಕದೆ ನೋಡುವ ಲಿಂಗವಂತನು ಲಯಸ್ಥಾನವನ್ನೇ ನೋಡುತ್ತಿರುವನಲ್ಲವೆ? ಆದುದರಿಂದ ಜಗತ್ತಿನ ಕಡೆಗಾಲದ ವಿಚಾರವು ಅವನಿಗೆ ಹೊರಗಿನದಲ್ಲ. ದಿನವೂ ಅಂಗೈಯಲ್ಲಿ ಹಿಡಿದ ವಿಚಾರವೇ ಆಗಿದೆ.

ಈಚೆಗೆ ಈ ವಿಚಾರವು ಮಠದ ಜಗಲಿಯಿಂದಿಳಿದು ಮನೆಗಳ ಪಡಸಾಲೆಗೆ ಬಂದಿದೆ. ಹಲಸೂರಿನಲ್ಲಾಗಲಿ, ಶಿವಾಜಿನಗರದಲ್ಲಾಗಲಿ, ಇಂದಿರಾನಗರದಲ್ಲಾಗಲಿ, ಕೃಷ್ಣರಾಜಪುರದಲ್ಲಾಗಲಿ, ಓದುವ ಮಕ್ಕಳಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಹುಟ್ಟುವುದು: “ಅಪ್ಪಾಜಿ, ಈ ವಿಶ್ವವು ಹಿಗ್ಗುತ್ತ ಹಿಗ್ಗುತ್ತ ಕಡೆಗೆ ನಕ್ಷತ್ರಗಳೆಲ್ಲ ನಂದಿಹೋಗುವುವಂತೆ. ಎಲ್ಲವೂ ಹೋಗುವುದಾದರೆ ಈ ಪೂಜೆ ಏಕೆ, ಈ ದುಡಿಮೆ ಏಕೆ?” ತಂದೆಯಾದವನು ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರವನ್ನು ಕೊಡುವನು. “ಅದೆಲ್ಲ ವಿಜ್ಞಾನಿಗಳ ಕಲ್ಪನೆ, ಬಿಡು” ಎನ್ನುವುದು ಒಂದು. “ಅದನ್ನೆಲ್ಲ ನಮ್ಮ ಹಿರಿಯರು ಆಗಲೇ ಹೇಳಿಬಿಟ್ಟಿದ್ದಾರೆ” ಎನ್ನುವುದು ಇನ್ನೊಂದು. ಮೊದಲನೆಯದು ಅರಿಯದವನ ಉತ್ತರ, ಎರಡನೆಯದು ಅರಿಯಲೊಲ್ಲದವನ ಉತ್ತರ. ಇವೆರಡರಿಂದಲೂ ಮಗುವಿನ ಸಂಶಯ ತೀರದು. ಅರಿವನ್ನೇ ಗುರುವೆಂದು ಬಗೆದ ಶರಣರ ಮಾರ್ಗದಲ್ಲಿ ನಡೆಯುವವರು ಮೊದಲು ವಿಷಯವನ್ನು ಇದ್ದಂತೆ ತಿಳಿದು, ಅನಂತರ ಉತ್ತರಿಸುವುದೇ ಯುಕ್ತವು.

ವಿಶ್ವವು ಹಿಗ್ಗುವುದೆಂದರೇನು? ಬೆಂಗಳೂರು ನಗರವು ಹಿಗ್ಗಿದಂತೆ ಎಂದು ತಿಳಿಯಬಾರದು. ೧೮೦೯ರಲ್ಲಿ ಹಲಸೂರಿನ ಬಳಿ ದಂಡುಪ್ರದೇಶವು ಸ್ಥಾಪಿತವಾದ ಮೇಲೆ ಊರು ಪೂರ್ವದಿಕ್ಕಿಗೆ ಬೆಳೆಯುತ್ತ ಹೋಯಿತು. ಒಂದು ಕಾಲಕ್ಕೆ ದೂರದ ಊರಾಗಿದ್ದ ಕೃಷ್ಣರಾಜಪುರವೂ ನಗರದ ಒಡಲಿನಲ್ಲಿ ಸೇರಿತು. ಇಲ್ಲಿ ಊರಿನ ಹೊರಗೆ ಹೊಲವಿತ್ತು, ಕೆರೆಯಿತ್ತು. ಊರು ಅದರೊಳಕ್ಕೆ ಹಬ್ಬಿತು. ವಿಶ್ವಕ್ಕಾದರೋ ಅಂತಹ ಹೊರಗೆಂಬುದನ್ನು ವಿಜ್ಞಾನಿಗಳು ಹೇಳುವುದಿಲ್ಲ. ಹಲಸೂರೆಂಬ ಹೆಸರು ಹಲಸಿನ ಮರಗಳಿಂದ ಬಂದಿತೆಂದು ಹೇಳುವರಷ್ಟೆ. ಆ ಹಲಸಿನ ಹಣ್ಣೇ ಇಲ್ಲಿ ದೃಷ್ಟಾಂತವಾಗಲಿ. ಎಳೆಯ ಕಾಯಿಯು ಬಲಿಯುತ್ತ ಬಂದಂತೆ ಒಳಗಿನ ಪ್ರತಿಯೊಂದು ತೊಳೆಯೂ ಉಳಿದೆಲ್ಲ ತೊಳೆಗಳಿಂದ ದೂರವಾಗುವುದು. ಯಾವ ತೊಳೆಯೂ ತಾನಾಗಿ ನಡೆದು ಹೋಗಲಿಲ್ಲ. ನಡುವಿನ ಎಡೆಯೇ ಹೆಚ್ಚಿತು. ಯಾವ ತೊಳೆಯಲ್ಲಿ ಕುಳಿತು ನೋಡಿದರೂ ಉಳಿದವೆಲ್ಲ ತನ್ನಿಂದಲೇ ದೂರ ಸರಿಯುತ್ತಿರುವಂತೆ ತೋರುವುದು. ದೃಷ್ಟಾಂತಕ್ಕೆ ಮಿತಿಯುಂಟು. ಹಲಸಿಗೆ ಸಿಪ್ಪೆಯಿದೆ, ವಿಶ್ವಕ್ಕೆ ಅಂತಹ ಅಂಚು ಕಂಡುಬಂದಿಲ್ಲ. ಹಲಸಿನ ತೊಳೆಯೂ ಬೆಳೆಯುವುದು, ವಿಶ್ವದಲ್ಲಿ ಎಡೆ ಮಾತ್ರ ಬೆಳೆಯುವುದು.

ಇಲ್ಲಿ ತೊಳೆಯೆಂದರೆ ಗ್ಯಾಲಕ್ಸಿ, ಅಂದರೆ ಸಾವಿರಾರು ಕೋಟಿ ನಕ್ಷತ್ರಗಳ ಒಂದು ಕೂಟ. ಸೂರ್ಯನು ಸೇರಿರುವ ಆಕಾಶಗಂಗೆಯು ಅಂತಹವುಗಳಲ್ಲಿ ಒಂದು. ಬೆಲ್ಜಿಯಂ ದೇಶದ ಜಾರ್ಜ್ ಲೆಮೇತ್ರ್ ಎಂಬವರು ೧೯೨೭ರಲ್ಲಿ ವಿಶ್ವವು ಹಿಗ್ಗುತ್ತಿರುವುದೆಂದು ಗಣಿತದಿಂದ ತೋರಿಸಿದರು. ಅಮೆರಿಕದ ಎಡ್ವಿನ್ ಹಬಲ್ ೧೯೨೯ರಲ್ಲಿ, ಗ್ಯಾಲಕ್ಸಿಗಳು ಎಷ್ಟು ದೂರದಲ್ಲಿರುವುವೋ ಅಷ್ಟು ವೇಗದಿಂದ ಸರಿಯುತ್ತಿರುವುವೆಂಬುದನ್ನು ಅಳತೆಗಳಿಂದ ಪ್ರಕಟಿಸಿದರು. ಇಂದಿನ ಎಣಿಕೆಯಂತೆ ಸುಮಾರು ೩೩ ಲಕ್ಷ ಜ್ಯೋತಿರ್ವರ್ಷಗಳ ದೂರಕ್ಕೆ ಈ ವೇಗವು ಸೆಕೆಂಡಿಗೆ ಸುಮಾರು ೭೦ ಕಿಲೋಮೀಟರು. ಇಮ್ಮಡಿ ದೂರಕ್ಕೆ ಇಮ್ಮಡಿ ವೇಗ. ಈ ಲೆಕ್ಕವನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ, ಸುಮಾರು ೧೩೮೦ ಕೋಟಿ ವರ್ಷಗಳ ಹಿಂದೆ ಈಗ ಕಾಣುವ ವಿಶ್ವವೆಲ್ಲವೂ ಅತ್ಯಂತ ಸಾಂದ್ರವಾಗಿಯೂ ಉಷ್ಣವಾಗಿಯೂ ಇದ್ದಿತೆಂದು ತಿಳಿಯುವುದು. ಆ ಆದಿಯ ಶಾಖದ ಉಳಿಕೆಯು ಇಂದಿಗೂ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುತ್ತಿರುವುದನ್ನು ೧೯೬೫ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬಿಬ್ಬರು ಪ್ರಕಟಿಸಿದರು.

ಇದೆಲ್ಲ ಪರದೇಶದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಹಲಸೂರಿನ ಸೋಮೇಶ್ವರ ದೇವಾಲಯದ ಬಳಿಯಿಂದ ಹಳೆಯ ಮದ್ರಾಸು ರಸ್ತೆಯನ್ನು ಹಿಡಿದು ಪೂರ್ವಕ್ಕೆ ನಡೆದರೆ ಇಂದಿರಾನಗರದ ಅಂಚು, ಬೈಯಪ್ಪನಹಳ್ಳಿ, ಕೃಷ್ಣರಾಜಪುರಗಳನ್ನು ದಾಟಿ ಹೊಸಕೋಟೆ ಸಿಕ್ಕುವುದು. ಆ ಹೊಸಕೋಟೆಯ ಬಳಿ ಭಾರತೀಯ ಖಭೌತ ಸಂಸ್ಥೆಯ ಒಂದು ಕೇಂದ್ರವಿದೆ. ಲಡಾಖಿನ ಹಾನ್ಲೆ ಎಂಬಲ್ಲಿ, ಸಮುದ್ರಮಟ್ಟದಿಂದ ಸುಮಾರು ೪೫೦೦ ಮೀಟರು ಎತ್ತರದ ಶೀತಲವಾದ ಒಣ ಬೆಟ್ಟದ ಮೇಲೆ, ಎರಡು ಮೀಟರು ಅಗಲದ ದರ್ಪಣವುಳ್ಳ ದೂರದರ್ಶಕವನ್ನು ಆ ಸಂಸ್ಥೆಯವರು ಸ್ಥಾಪಿಸಿರುವರು. ೨೦೦೦ದಲ್ಲಿ ಅದಕ್ಕೆ ಮೊದಲ ಬೆಳಕು ದೊರಕಿತು. ಆ ಬೆಟ್ಟದ ಚಳಿಯಲ್ಲಿ ರಾತ್ರಿಯೆಲ್ಲ ನಿಲ್ಲದೆ, ಹೊಸಕೋಟೆಯ ಕೋಣೆಯಲ್ಲಿ ಕುಳಿತು ಕೃತಕ ಉಪಗ್ರಹದ ಮೂಲಕ ಆ ಯಂತ್ರವನ್ನು ತಿರುಗಿಸಿ ಆಕಾಶವನ್ನು ನೋಡುವರು. ಕೃಷ್ಣರಾಜಪುರದ ಮನೆಗಳಲ್ಲಿ ದೀಪ ಆರಿಸಿ ಮಲಗುವ ಹೊತ್ತಿಗೆ ಅದರ ಮಗ್ಗುಲ ಊರಿನಲ್ಲಿ ಹಿಮಾಲಯದ ಕಣ್ಣು ತೆರೆಯುವುದು.

ಆ ದೂರದರ್ಶಕಕ್ಕೆ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನಿಟ್ಟಿರುವುದು ಅರ್ಥವತ್ತಾಗಿದೆ. ೧೯೩೦ರಲ್ಲಿ, ಹತ್ತೊಂಬತ್ತು ವರ್ಷದ ತರುಣರಾಗಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ ಅವರು ಒಂದು ಲೆಕ್ಕವನ್ನು ಮಾಡಿದರು. ಉರಿದು ಮುಗಿದ ನಕ್ಷತ್ರದ ಶೇಷಕ್ಕೆ ಶ್ವೇತಕುಬ್ಜವೆಂದು ಹೆಸರು. ಅದು ತನ್ನ ಭಾರವನ್ನು ತಾನೇ ತಾಳಿಕೊಂಡಿರಲು ಒಂದು ಮಿತಿಯುಂಟು. ಆ ಮಿತಿಯು ಸೂರ್ಯನ ದ್ರವ್ಯರಾಶಿಯ ಸುಮಾರು ೧.೪ ಪಾಲು. ಈ ಸಾಧನೆಯೂ ಸೇರಿದಂತೆ ನಕ್ಷತ್ರಗಳ ರಚನೆ ಮತ್ತು ವಿಕಾಸವನ್ನು ಕುರಿತ ಕಾರ್ಯಕ್ಕಾಗಿ ಅವರಿಗೆ ೧೯೮೩ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಜೊತೆಯ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಂಡು ಶ್ವೇತಕುಬ್ಜವು ಈ ಮಿತಿಯ ಸಮೀಪಕ್ಕೆ ಬಂದಾಗ ಮಹಾಸ್ಫೋಟವಾಗಿ ಸಿಡಿಯುವುದುಂಟು. ಇಂತಹ ಸ್ಫೋಟಗಳ ಕಾಂತಿಯು ಹೆಚ್ಚುಕಡಿಮೆ ಒಂದೇ ಪ್ರಮಾಣದ್ದಾದುದರಿಂದ, ಮಂಕಾಗಿ ಕಂಡುದು ದೂರದ್ದು, ಪ್ರಕಾಶವಾಗಿ ಕಂಡುದು ಹತ್ತಿರದ್ದು ಎಂದು ಅಳೆಯಬಹುದು. ೨೦೧೪ರ ಜನವರಿಯಲ್ಲಿ, ಸುಮಾರು ೧ ಕೋಟಿ ೨೦ ಲಕ್ಷ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಲ್ಲಿ ಇಂತಹ ಸ್ಫೋಟವು ಕಂಡಿತು. ಹಾನ್ಲೆಯ ದೂರದರ್ಶಕವೂ ಅದನ್ನು ನೋಡಿ ಅಳೆಯಿತು. ಹತ್ತಿರದವುಗಳನ್ನು ಹೀಗೆ ಸರಿಯಾಗಿ ಅಳೆದರೆ ದೂರದವುಗಳ ಅಳತೆಯೂ ಸರಿಯಾಗುವುದು. ಆ ಬೆಳಕು ಹೊರಟಾಗ ಭೂಮಿಯ ಮೇಲೆ ಮಾನವನೇ ಇರಲಿಲ್ಲವೆಂಬುದು ವಿಚಾರಾರ್ಹವಾಗಿದೆ.

ಇಂತಹ ದೂರದ ಸ್ಫೋಟಗಳನ್ನು ಅಳೆದ ಎರಡು ಪಂಡಿತಮಂಡಲಿಗಳು ೧೯೯೮ರಲ್ಲಿ ಒಂದು ಆಶ್ಚರ್ಯವನ್ನು ಕಂಡವು. ವಿಶ್ವದ ಹಿಗ್ಗು ಕಾಲಕ್ರಮದಲ್ಲಿ ನಿಧಾನವಾಗಬೇಕೆಂದು ಎಲ್ಲರೂ ಭಾವಿಸಿದ್ದರು. ಮೇಲಕ್ಕೆಸೆದ ಕಲ್ಲು ನಿಧಾನವಾಗುವಂತೆ. ಆದರೆ ಅಳತೆಯು, ಹಿಗ್ಗು ವೇಗಗೊಳ್ಳುತ್ತಿರುವುದೆಂದು ತೋರಿಸಿತು. ಇದಕ್ಕಾಗಿ ಪರ್ಲ್‌ಮಟರ್, ಶ್ಮಿಟ್, ರೀಸ್ ಎಂಬ ಮೂವರಿಗೆ ೨೦೧೧ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಹಾಗೆ ವೇಗಗೊಳಿಸುವ ಕಾರಣಕ್ಕೆ ಕೃಷ್ಣಶಕ್ತಿಯೆಂದು ಹೆಸರಿಟ್ಟರು. ಇಂದಿನ ಲೆಕ್ಕದಂತೆ ವಿಶ್ವದ ಒಟ್ಟಿನಲ್ಲಿ ನೂರಕ್ಕೆ ಸುಮಾರು ೬೮ ಪಾಲು ಇದೇ ಆಗಿದೆ; ಕಣ್ಣಿಗೆ ಕಾಣುವ ಸೂರ್ಯಚಂದ್ರನಕ್ಷತ್ರಾದಿಗಳೂ ಮನುಷ್ಯನ ಶರೀರವೂ ಆಗಿರುವ ಸಾಮಾನ್ಯ ದ್ರವ್ಯವು ನೂರಕ್ಕೆ ಸುಮಾರು ೫ ಪಾಲು ಮಾತ್ರ.

ಹೀಗೆಯೇ ನಡೆದರೆ ಮುಂದೇನು? ಸುಮಾರು ೧೦೦ ಕೋಟಿ ವರ್ಷಗಳಲ್ಲಿ ಸೂರ್ಯನ ತಾಪವು ಹೆಚ್ಚಿ ಭೂಮಿಯ ಸಮುದ್ರಗಳು ಬತ್ತುವುವು. ಸುಮಾರು ೫೦೦ ಕೋಟಿ ವರ್ಷಗಳಲ್ಲಿ ಸೂರ್ಯನು ಉಬ್ಬಿ, ಅನಂತರ ಕುಗ್ಗಿ ಶ್ವೇತಕುಬ್ಜನಾಗುವನು. ಹತ್ತು ಹದಿನೈದು ಸಾವಿರ ಕೋಟಿ ವರ್ಷಗಳ ಮೇಲೆ ದೂರದ ಗ್ಯಾಲಕ್ಸಿಗಳು ಒಂದರ ಕಣ್ಣಿಗೊಂದು ಕಾಣದಷ್ಟು ಅಗಲುವುವು. ಒಂದರ ಮುಂದೆ ೧೪ ಸೊನ್ನೆಗಳನ್ನಿಟ್ಟಷ್ಟು ವರ್ಷಗಳು ಕಳೆಯುವ ಹೊತ್ತಿಗೆ ಹೊಸ ನಕ್ಷತ್ರಗಳು ಹುಟ್ಟುವುದು ನಿಂತು, ಇದ್ದವುಗಳೂ ನಂದುವುವು. ಉಳಿಯುವುದು ಕತ್ತಲೆ, ಚಳಿ ಮತ್ತು ಚೆದರಿದ ಕಣಗಳು. ಈ ಕಣಗಳಾದರೂ ಉಳಿಯುವುವೋ ಇಲ್ಲವೋ ಎಂಬುದು ಕಡೆಯ ಪ್ರಶ್ನೆಯಾಗಿದೆ.

ಈ ಕಡೆಯ ಪ್ರಶ್ನೆಯನ್ನು ಕನ್ನಡನಾಡಿನ ನೆಲದ ಒಡಲಿನಲ್ಲಿಯೇ ಕೇಳಿದರೆಂಬುದು ಬಹುಜನರಿಗೆ ತಿಳಿಯದು. ಅದೇ ರಸ್ತೆಯು ಹೊಸಕೋಟೆಯಿಂದ ಮುಂದೆ ಕೋಲಾರಕ್ಕೆ ಹೋಗುವುದು. ೧೮೬೪ರಲ್ಲಿ ಕಂಟೋನ್ಮೆಂಟಿಗೆ ಬಂದ ರೈಲುಹಳಿಯು ಕೃಷ್ಣರಾಜಪುರದ ಮೇಲೆ ಬಂಗಾರಪೇಟೆಯನ್ನು ಮುಟ್ಟುವುದು. ಅಲ್ಲಿಂದ ಒಂದು ಕವಲು ಕೋಲಾರದ ಚಿನ್ನದ ಗಣಿಗಳಿಗೆ ಸಾಗುವುದು. ಶ್ರೀಕಂಠೇಶ್ವರನ ಕ್ಷೇತ್ರವಾದ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರು ೧೯೫೦ರ ದಶಕದಲ್ಲಿ ಆ ಗಣಿಯೊಳಗಿಳಿದು ವಿಶ್ವಕಿರಣಗಳನ್ನು ಅಳೆಯತೊಡಗಿದರು. ೧೯೬೫ರಲ್ಲಿ ಅಲ್ಲಿಯೇ, ಭಾರತ, ಜಪಾನ್, ಇಂಗ್ಲೆಂಡ್ ದೇಶಗಳ ವಿಜ್ಞಾನಿಗಳು ಕೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣದ ಗುರುತನ್ನು ಹಿಡಿದರು. ೧೯೮೦ರಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ೧೪೦ ಟನ್ನು ತೂಕದ ಕಬ್ಬಿಣದ ಪದರಗಳ ಯಂತ್ರವನ್ನು ಕೂಡಿಸಿ, ಪರಮಾಣುಗರ್ಭದಲ್ಲಿರುವ ಪ್ರೋಟಾನ್ ಎಂಬ ಕಣಕ್ಕೂ ಅಳಿವುಂಟೇ ಎಂದು ಕಾಯುತ್ತ ಕುಳಿತರು. ಅದರ ಆಯುಸ್ಸು ಒಂದರ ಮುಂದೆ ೩೦ ಸೊನ್ನೆಗಳನ್ನು ಮೀರಿದ ವರ್ಷಗಳೆಂದು ಸಿದ್ಧಾಂತವಿದ್ದಿತು. ಒಂದು ಕಣವನ್ನು ಅಷ್ಟು ವರ್ಷ ಕಾಯಲು ಯಾರಿಂದ ಸಾಧ್ಯ? ಆದರೆ ಅಷ್ಟು ಕಣಗಳನ್ನು ಒಂದೆಡೆ ಕೂಡಿಸಿ ಕೆಲವು ವರ್ಷ ಕಾಯಬಹುದು. ಅದೇ ಆ ಕಬ್ಬಿಣದ ರಾಶಿಯ ಉಪಾಯವಾಗಿತ್ತು. ಅಳಿವಿನ ಗುರುತುಗಳಿರಬಹುದಾದ ಕೆಲವು ಘಟನೆಗಳು ಕಂಡವು. ಮುಂದೆ ಅಮೆರಿಕ, ಜಪಾನುಗಳಲ್ಲಿ ನಡೆದ ಹೆಚ್ಚು ದೊಡ್ಡ ಪ್ರಯೋಗಗಳು ಅದನ್ನು ದೃಢಪಡಿಸಲಿಲ್ಲ. ಪ್ರೋಟಾನಿನ ಆಯುಸ್ಸು, ಅದಕ್ಕೆ ಆಯುಸ್ಸೆಂಬುದು ಇದ್ದರೆ, ಒಂದರ ಮುಂದೆ ೩೪ ಸೊನ್ನೆಗಳ ವರ್ಷಗಳಿಗೂ ಹೆಚ್ಚೆಂದು ಈಗ ಹೇಳುವರು.

ಇಷ್ಟನ್ನು ಕೇಳಿದ ಭಕ್ತನಿಗೆ ಒಂದು ಆಸೆ ಹುಟ್ಟುವುದು ಸಹಜ. ಶಕ್ತಿವಿಶಿಷ್ಟಾದ್ವೈತಿಗಳು ಸೃಷ್ಟಿಯನ್ನು ಶಕ್ತಿವಿಕಾಸವೆಂದೂ ಲಯವನ್ನು ಶಕ್ತಿಸಂಕೋಚವೆಂದೂ ಹೇಳುವರಲ್ಲವೆ? ವಿಕಾಸವೆಂದರೆ ಹಿಗ್ಗುವುದಲ್ಲವೆ? ಪುರಾಣಗಳು ಬ್ರಹ್ಮನ ಒಂದು ಹಗಲಿಗೆ ೪೩೨ ಕೋಟಿ ವರ್ಷಗಳನ್ನು ಹೇಳಿರುವುವಲ್ಲವೆ? ಹಾಗಾದರೆ ವಿಜ್ಞಾನಿಗಳು ಇಂದು ಕಂಡುದನ್ನು ಶಾಸ್ತ್ರವು ಅಂದೇ ಕಂಡಿತೆಂದು ಸಾರಬಾರದೇಕೆ? ಸಾರಬಾರದು. ಶಕ್ತಿಯ ವಿಕಾಸವೆಂಬುದು ಸೆಕೆಂಡಿಗೆ ಇಷ್ಟು ಕಿಲೋಮೀಟರೆಂದು ಅಳೆಯುವ ವಿಷಯವಲ್ಲ. ಆಚಾರ್ಯರು ಅದನ್ನು ದೂರದರ್ಶಕದಿಂದ ಕಂಡವರೂ ಅಲ್ಲ. ಪದವು ಒಂದಾದ ಮಾತ್ರಕ್ಕೆ ಪದಾರ್ಥವು ಒಂದಾಗದು.

ಈ ವಿಷಯದಲ್ಲಿ ಮೇಲೆ ಹೇಳಿದ ಲೆಮೇತ್ರ್ ಅವರ ನಡತೆಯು ಎಲ್ಲ ಮತದವರಿಗೂ ಪಾಠವಾಗಿದೆ. ಅವರು ಕ್ರೈಸ್ತಮತದ ಪಾದ್ರಿಗಳು. ವಿಶ್ವಕ್ಕೆ ಒಂದು ಆದಿಯುಂಟೆಂಬ ಮತವನ್ನು ಗಣಿತದ ಆಧಾರದಿಂದ ಪ್ರತಿಪಾದಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ೧೯೫೧ರಲ್ಲಿ ಅವರ ಮತದ ಪರಮಗುರುಗಳಾದ ಹನ್ನೆರಡನೆಯ ಪಯಸ್ ಪೋಪರು, ಈ ವಿಜ್ಞಾನವು ದೇವರ ಸೃಷ್ಟಿಯನ್ನು ಸಮರ್ಥಿಸುವುದೆಂಬ ಅಭಿಪ್ರಾಯದಿಂದ ಉಪನ್ಯಾಸ ಮಾಡಿದರು. ಹಿಗ್ಗಬೇಕಾಗಿದ್ದ ಲೆಮೇತ್ರ್ ಅವರಿಗೆ ಅದು ಸರಿದೋರಲಿಲ್ಲ. ವಿಜ್ಞಾನದ ಮತವನ್ನು ವಿಜ್ಞಾನದ ಒರೆಗಲ್ಲಿನಲ್ಲಿಯೇ ಪರೀಕ್ಷಿಸಬೇಕು, ಶ್ರದ್ಧೆಯನ್ನು ಅದಕ್ಕೆ ಕಟ್ಟಬಾರದು ಎಂಬುದು ಅವರ ನಿಲುವಾಗಿತ್ತು. ಆ ನಿಲುವು ಎಷ್ಟು ವಿವೇಕದ್ದೆಂಬುದಕ್ಕೆ ಈಚಿನ ಸಂಗತಿಯೇ ಸಾಕ್ಷಿ. ಅಮೆರಿಕದ ಅರಿಜೋನಾದಲ್ಲಿ ನಡೆಯುತ್ತಿರುವ ಒಂದು ದೊಡ್ಡ ಸಮೀಕ್ಷೆಯು, ಕೃಷ್ಣಶಕ್ತಿಯು ಕಾಲಕ್ರಮದಲ್ಲಿ ಕ್ಷೀಣಿಸುತ್ತಿರಬಹುದೆಂಬ ಸೂಚನೆಗಳನ್ನು ೨೦೨೪ ಮತ್ತು ೨೦೨೫ರಲ್ಲಿ ಪ್ರಕಟಿಸಿದೆ. ಅದು ಇನ್ನೂ ನಿರ್ಣಯವಾಗಿಲ್ಲ. ನಿರ್ಣಯವಾದರೆ ಮೇಲೆ ಹೇಳಿದ ಅಂತ್ಯಕಥೆಯೇ ಬೇರೆಯಾದೀತು. ಗಾಳಿಗೆ ಅಲುಗುವ ಗೂಟಕ್ಕೆ ಜೋಳಿಗೆಯನ್ನು ತೂಗುಹಾಕಿದವನು, ಗೂಟ ಬಿದ್ದ ದಿನ ಜೋಳಿಗೆಯನ್ನೂ ಕಳೆದುಕೊಳ್ಳುವನು.

ಇನ್ನೂ ಸೂಕ್ಷ್ಮವಾದ ಭೇದವೊಂದುಂಟು. ಪ್ರಕೃತ ವಿಚಾರದ ತಿರುಳೂ ಅದೇ. ವಿಜ್ಞಾನಿಯು ವರ್ಣಿಸುವ ಕಡೆಗಾಲದ ಸ್ವರೂಪವೇನು? ವಿಯೋಗ. ಗ್ಯಾಲಕ್ಸಿಯಿಂದ ಗ್ಯಾಲಕ್ಸಿಯು ಅಗಲಿ, ಕಣದಿಂದ ಕಣವು ಅಗಲಿ, ಒಂದರ ಬೆಳಕು ಮತ್ತೊಂದನ್ನು ಮುಟ್ಟದೆ, ಪ್ರತಿಯೊಂದೂ ಒಂಟಿಯಾಗಿ ತಣ್ಣಗಾಗುವುದು. ಶರಣರು ಹೇಳಿದ ಲಯದ ಸ್ವರೂಪವೇನು? ಐಕ್ಯ. ಅಂಗವು ಲಿಂಗದಲ್ಲಿ ಬೆರೆತು, ನಾನು ನೀನೆಂಬ ಎಡೆಯೇ ಇಲ್ಲದಂತಾಗುವುದು. ಒಂದರಲ್ಲಿ ಎಡೆಯು ಹೆಚ್ಚಿ ಹೆಚ್ಚಿ ಎಲ್ಲವೂ ಶೂನ್ಯವಾಗುವುದು. ಇನ್ನೊಂದರಲ್ಲಿ ಎಡೆಯು ಅಳಿದು ಎಲ್ಲವೂ ಪೂರ್ಣವಾಗುವುದು. ಅಲ್ಲಮಪ್ರಭುಗಳ ಬಯಲು, ಶೂನ್ಯಸಂಪಾದನೆಯ ಶೂನ್ಯ, ಇವುಗಳನ್ನು ಖಗೋಳದ ಬರಿದಾದ ಅವಕಾಶವೆಂದು ಅರ್ಥಮಾಡಿದರೆ ಶರಣರ ಅನುಭಾವಕ್ಕೆ ಅಪಚಾರವಾಗುವುದು. ಮನೆಯ ಸಾಮಾನನ್ನೆಲ್ಲ ಹೊರಗೆ ಹಾಕಿದರೂ ಮನೆ ಬರಿದಾಗುವುದು. ಅದು ಬಯಲಲ್ಲ, ಬರಿಮನೆ. ‘ಇದು ನನ್ನದು’ ಎಂಬ ಗೋಡೆಗಳು ಬಿದ್ದಾಗ ಕಾಣುವುದೇ ಬಯಲು. ಹಾಗೆ ಬಯಲಾದವನಿಗೆ ಪರರೆಂಬವರಿಲ್ಲ, ಪರರಿಲ್ಲದವನಿಗೆ ಒಂಟಿತನವೆಲ್ಲಿಯದು?

ಭೌತಶಾಸ್ತ್ರದಲ್ಲಿಯೇ ಈ ಭೇದವನ್ನು ಮನಸ್ಸಿಗೆ ತಂದುಕೊಡುವ ಒಂದು ಸಂಗತಿಯಿದೆ. ವಿಶ್ವವೆಲ್ಲ ಹಿಗ್ಗುತ್ತಿದ್ದರೂ ಭೂಮಿಯು ಹಿಗ್ಗುವುದಿಲ್ಲ. ಸೂರ್ಯನಿಂದ ಭೂಮಿಯನ್ನು ಆ ಹಿಗ್ಗು ಅಗಲಿಸುವುದಿಲ್ಲ. ಆಕಾಶಗಂಗೆಯ ನಕ್ಷತ್ರಗಳೂ ಅದರಿಂದ ಚೆದರುವುದಿಲ್ಲ. ನೆರೆಯ ದೊಡ್ಡ ಗ್ಯಾಲಕ್ಸಿಯಾದ ಆಂಡ್ರೊಮಿಡಾ ದೂರ ಸರಿಯುವುದಕ್ಕೆ ಬದಲಾಗಿ ಸೆಕೆಂಡಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಿಂದ ಇತ್ತಲೇ ಬರುತ್ತಿರುವುದು. ಕಾರಣವೇನೆಂದರೆ, ಗುರುತ್ವಾಕರ್ಷಣೆಯ ಬಂಧವು ಬಲವಾಗಿರುವೆಡೆಯಲ್ಲಿ ಹಿಗ್ಗಿನ ಆಟ ನಡೆಯದು. ಬಂಧವು ಸಡಿಲವಾದ ಮಹಾದೂರಗಳಲ್ಲಿ ಮಾತ್ರ ಅದು ಗೆಲ್ಲುವುದು. ಇದು ದೃಷ್ಟಾಂತ ಮಾತ್ರ, ಪ್ರಮಾಣವಲ್ಲ. ಆದರೂ ಗೃಹಸ್ಥನು ಯೋಚಿಸತಕ್ಕ ದೃಷ್ಟಾಂತ. ಒಂದೇ ಮಾಳಿಗೆಯ ಮನೆಗಳಲ್ಲಿದ್ದೂ ನೆರೆಯವನ ಹೆಸರನ್ನರಿಯದ ಈ ನಗರದಲ್ಲಿ, ಅಣ್ಣತಮ್ಮಂದಿರ ನಡುವೆ ಎಡೆ ಹೆಚ್ಚುತ್ತಿರುವ ಈ ಕಾಲದಲ್ಲಿ, ದಾಸೋಹವು ಬಂಧವನ್ನು ಬಿಗಿಯುವ ಸಾಧನವಾಗಿದೆ. ವಿಶ್ವದ ಕಡೆಗಾಲವನ್ನು ಯಾರೂ ತಡೆಯಲಾರರು. ಮನೆಯೊಳಗಿನ ಅಗಲಿಕೆಯನ್ನು ತಡೆಯುವುದು ಮನೆಯವರ ಕೈಯಲ್ಲಿದೆ.

ಎಲ್ಲವೂ ಅಳಿಯುವುದಾದರೆ ದುಡಿಮೆ ಏಕೆಂಬ ಮಗುವಿನ ಪ್ರಶ್ನೆಗೆ ಈಗ ಬರಬಹುದು. ಈ ಪ್ರಶ್ನೆಯು ಕೋಟಿ ವರ್ಷಗಳ ಆಚೆಯದಲ್ಲ. ಕೋಲಾರದ ಗಣಿಗಳಲ್ಲಿ ೧೮೮೦ರಿಂದ ಆಧುನಿಕ ರೀತಿಯ ಅಗೆತ ನಡೆಯಿತು. ತಲೆಮಾರುಗಳ ಕಾಲ ಸಾವಿರಾರು ಕುಟುಂಬಗಳು ಅದನ್ನೇ ನಂಬಿದ್ದವು. ೨೦೦೧ರ ಫೆಬ್ರವರಿ ತಿಂಗಳ ಕಡೆಯಲ್ಲಿ ಆ ಗಣಿಗಳನ್ನು ಮುಚ್ಚಲಾಯಿತು. ಆ ಕುಟುಂಬಗಳಿಗೆ ಒಂದು ಜಗತ್ತೇ ಅಂದು ಲಯವಾಯಿತೆಂದರೆ ಅತಿಶಯೋಕ್ತಿಯಲ್ಲ. ಆದರೂ ಮರುದಿನ ಒಲೆ ಹೊತ್ತಿಸಬೇಕಾಯಿತು, ಮಕ್ಕಳನ್ನು ಶಾಲೆಗೆ ಕಳುಹಿಸಬೇಕಾಯಿತು. ಇಂದಿಗೂ ನಸುಕಿನಲ್ಲಿ ಎದ್ದು, ಬುತ್ತಿ ಕಟ್ಟಿಕೊಂಡು, ಆ ಊರಿನಿಂದ ರೈಲು ಹತ್ತಿ ಕೃಷ್ಣರಾಜಪುರದಲ್ಲಿಯೋ ಕಂಟೋನ್ಮೆಂಟಿನಲ್ಲಿಯೋ ಇಳಿದು, ದುಡಿದು, ರಾತ್ರಿ ಹಿಂದಿರುಗುವ ಜನರು ಸಹಸ್ರಾರು. ಲಯದ ಮರುದಿನ ಏನು ಮಾಡಬೇಕೆಂಬುದಕ್ಕೆ ಅವರ ನಡೆಗಿಂತ ದೊಡ್ಡ ವ್ಯಾಖ್ಯಾನ ಬೇಕಿಲ್ಲ.

ಶರಣರಿಗೂ ಇಂತಹ ಲಯ ಒದಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮಹಾಮನೆಯು ಒಡೆಯಿತು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಚೆನ್ನಬಸವಣ್ಣನವರು ಉಳವಿಯನ್ನು ಸೇರಿದರು. ಗಣಂಗಳು ದಿಕ್ಕು ದಿಕ್ಕಿಗೆ ಹರಿದುಹೋದರು. ಕಟ್ಟಿದುದು ಉಳಿಯಬೇಕೆಂಬುದೇ ಅವರ ಗುರಿಯಾಗಿದ್ದರೆ ಅವರ ಬಾಳು ವ್ಯರ್ಥವೆನ್ನಬೇಕಾಗಿತ್ತು. ಹಾಗೆ ಯಾರೂ ಹೇಳುವುದಿಲ್ಲ. ಏಕೆಂದರೆ ಅವರು ಕಾಯಕವನ್ನು ಉಳಿವಿನ ಕೊಳಗದಿಂದ ಅಳೆದವರಲ್ಲ. ಆಯ್ದಕ್ಕಿ ಮಾರಯ್ಯನ ಕಥೆಯನ್ನು ಬಲ್ಲವರಿಗೆ ಇದು ಸ್ಪಷ್ಟವಾಗುವುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿಯಾದ ಲಕ್ಕಮ್ಮನು ಅದನ್ನು ಮನೆಯೊಳಗೆ ಸೇರಿಸದೆ, ತಂದೆಡೆಯಲ್ಲಿಯೇ ಸುರಿದು ಬರುವಂತೆ ಹೇಳಿದಳು. ಆ ದಿನದ ಅಕ್ಕಿಯು ಆ ದಿನಕ್ಕೆ ಪೂರ್ಣ. ನಾಳೆಯ ಭಯದಿಂದ ಇಂದು ಕೂಡಿಡುವುದು ಎಷ್ಟು ಅವಿಶ್ವಾಸವೋ, ಮುಂದೊಂದು ದಿನ ಎಲ್ಲವೂ ಅಳಿಯುವುದೆಂದು ಇಂದು ಕೈಕಟ್ಟಿ ಕೂರುವುದೂ ಅಷ್ಟೇ ಅವಿಶ್ವಾಸವು. ಎರಡರಲ್ಲಿಯೂ ಇಂದೆಂಬುದು ಕೈಜಾರುವುದು.

ಗಣಿಯ ಆಳದಲ್ಲಿ ಕಬ್ಬಿಣದ ರಾಶಿಯ ಮುಂದೆ ಕಾಯ್ದವರನ್ನು ಈ ದೃಷ್ಟಿಯಿಂದ ನೋಡಬೇಕು. ಅವರು ಕಾದುದು ದೃಢವಾಗಲಿಲ್ಲ, ಯಂತ್ರವು ನಿಂತಿತು, ಗಣಿಯೂ ಮುಚ್ಚಿತು. ಆದರೂ ‘ಇಷ್ಟು ಕಾಲದೊಳಗೆ ಅಳಿಯದು’ ಎಂಬ ಅರಿವನ್ನು ಲೋಕಕ್ಕೆ ಒಪ್ಪಿಸಿ ಬಂದರು. ದೊರೆತುದನ್ನು ದೊರೆತಂತೆಯೂ, ದೊರೆಯದುದನ್ನು ದೊರೆಯಲಿಲ್ಲವೆಂದೂ ಹೇಳುವುದು ಸತ್ಯಶುದ್ಧ ಕಾಯಕವಲ್ಲದೆ ಮತ್ತೇನು? ಹೊಸಕೋಟೆಯಲ್ಲಿ ನಿದ್ದೆಗೆಟ್ಟು ಕೋಟಿ ವರ್ಷಗಳ ಹಿಂದಿನ ಬೆಳಕನ್ನು ಬರೆದುಕೊಳ್ಳುವವರದೂ ಅಂತಹುದೇ. ವಿಶ್ವದ ಅಂತ್ಯವನ್ನು ಬಲ್ಲವರೇ ನಾಳೆಯ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಿರುವಾಗ, ಅದನ್ನು ಕೇಳಿದ ಮಾತ್ರಕ್ಕೆ ಗೃಹಸ್ಥನು ಕೈಚೆಲ್ಲುವುದು ಉಚಿತವೆ?

ಆದುದರಿಂದ ಸದ್ಭಕ್ತರು ಮಕ್ಕಳ ಪ್ರಶ್ನೆಗೆ ಹೆದರಬೇಕಾಗಿಲ್ಲ. ಅವರ ಬಾಯಿಯನ್ನು ಮುಚ್ಚಿಸಲೂಬೇಕಾಗಿಲ್ಲ. ನಕ್ಷತ್ರಗಳು ನಂದುವುವೆಂದರೆ, ಅಹುದು, ಇಂದಿನ ಲೆಕ್ಕ ಹಾಗಿದೆಯೆಂದು ಒಪ್ಪಲಿ. ಆ ಲೆಕ್ಕವನ್ನು ಮಾಡಿದವ ಹೇಗೆ ಮಾಡಿದನೆಂಬುದನ್ನು ಮಕ್ಕಳೊಡನೆ ತಾವೂ ಕೂಡಿ ಓದಲಿ. ಅನಂತರ ಇಷ್ಟನ್ನು ಹೇಳಲಿ: ಹಣತೆಯ ಎಣ್ಣೆ ತೀರುವುದೆಂಬುದು ಹಣತೆಯನ್ನು ಹಚ್ಚದಿರಲು ಕಾರಣವಲ್ಲ, ಕತ್ತಲಲ್ಲಿ ಬರುವವನೊಬ್ಬನಿಗೆ ದಾರಿ ಕಂಡರೆ ಆ ಹಣತೆಯ ಕಾಯಕ ಮುಗಿಯಿತು. ಎಷ್ಟು ಹೊತ್ತು ಉರಿಯಿತೆಂಬುದು ಎಣ್ಣೆಯ ಲೆಕ್ಕ. ಯಾರಿಗೆ ಬೆಳಗಿತೆಂಬುದು ಲಿಂಗದ ಲೆಕ್ಕ. ಲಯಸ್ಥಾನವನ್ನೇ ಕರಸ್ಥಲದಲ್ಲಿ ಹಿಡಿದ ಭಕ್ತನು ಲಯಕ್ಕೆ ಅಂಜಲಾರನು. ಅಂಜದವನ ಕೈಯಿಂದಲೇ ಶುದ್ಧವಾದ ಕಾಯಕ ನಡೆಯುವುದು. ಇಂದು ಸಂಜೆ ಪೂಜೆಗೆ ಕುಳಿತಾಗ ಈ ಒಂದು ಮಾತನ್ನು ಮನನ ಮಾಡಿ, ಎದ್ದ ಮೇಲೆ ಬಹುದಿನಗಳಿಂದ ಮಾತು ಬಿಟ್ಟ ನೆರೆಯವನನ್ನೋ ಬಂಧುವನ್ನೋ ಕರೆದು ಪ್ರಸಾದಕ್ಕೆ ಕೂಡಿಸಿಕೊಂಡರೆ, ಈ ವಿಚಾರವನ್ನು ಓದಿದ ಫಲ ಕೈಗೂಡಿದಂತಾಯಿತು.